ಕಲಾತಪಸ್ವಿ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು

ಚಿತ್ರವೆಂದರೆ ಇದ್ದುದನ್ನು ಇದ್ದಂತೆ ಬರೆಯುವುದು. ಬರೆದದ್ದು ಯಾವುದರ ಚಿತ್ರವೆಂದು ನೋಡಿದವರಿಗೆ ಕೂಡಲೇ ತಿಳಿಯದಿದ್ದರೆ ಅದು ಚಿತ್ರವಲ್ಲ, ಬಣ್ಣದ ಚೆಲ್ಲಾಟ ಎಂಬ ಅಭಿಪ್ರಾಯವು ನಮ್ಮ ವಿದ್ಯಾವಂತರಲ್ಲಿಯೂ ಬಲವಾಗಿ ಬೇರೂರಿದೆ. ಅಮೂರ್ತ ಚಿತ್ರಕಲೆ ಎಂಬ ಹೆಸರನ್ನು ಕೇಳಿದೊಡನೆ ಕೆಲವರು ನಗುತ್ತಾರೆ, ಕೆಲವರು ಸಿಡುಕುತ್ತಾರೆ, ಅದು ಪರದೇಶದಿಂದ ಬಂದ ಪಿಡುಗೆಂದು ಹೇಳುವವರೂ ಉಂಟು. ಈ ಮಾತುಗಳಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಎಂಬುದನ್ನು ತಿಳಿಯಬೇಕಾದರೆ ವಾದಕ್ಕೆ ಇಳಿಯುವುದಕ್ಕಿಂತ ಒಬ್ಬ ಕಲಾವಿದನ ಬಾಳನ್ನು ಆದಿಯಿಂದ ಅಂತ್ಯದವರೆಗೆ ನೋಡುವುದು ಮೇಲು. ಅಂತಹ ಬಾಳು ಕಟ್ಟಿಂಗೇರಿ ಕೃಷ್ಣ ಹೆಬ್ಬಾರರದು. ನಮ್ಮ ಬಾಳೂರಿನ ಸೀಮೆಯಿಂದ ಕೊಟ್ಟಿಗೆಹಾರಕ್ಕೆ ಹೋಗಿ ಚಾರ್ಮಾಡಿಯ ತಿರುವುಗಳನ್ನು ಇಳಿದರೆ ತುಳುನಾಡು. ಅಲ್ಲಿಂದ ಪಡುವಣ ಕಡಲಿನ ಕಡೆಗೆ ನಡೆದರೆ ಉಡುಪಿ. ಘಟ್ಟದ ಮೇಲಿನ ನಮಗೆ ಅವರು ಒಂದು ರೀತಿಯಲ್ಲಿ ನೆರೆಯವರೇ ಸರಿ.

ಹೆಬ್ಬಾರರು ೧೯೧೧ನೆಯ ಇಸವಿ ಜೂನ್ ೧೫ರಂದು ಉಡುಪಿಯ ಸಮೀಪದ ಕಟ್ಟಿಂಗೇರಿ ಎಂಬ ಹಳ್ಳಿಯಲ್ಲಿ, ತುಳು ಮನೆಮಾತಿನ ಕುಟುಂಬದಲ್ಲಿ ಜನಿಸಿದರು. ಮನೆಯಲ್ಲಿ ಅನುಕೂಲ ಹೆಚ್ಚಾಗಿರಲಿಲ್ಲ. ಚಿತ್ರಶಾಲೆಯಾಗಲಿ, ಪ್ರಸಿದ್ಧ ಚಿತ್ರಗಾರರ ಸಹವಾಸವಾಗಲಿ ಆ ಹಳ್ಳಿಗೆ ದೂರದ ಮಾತು. ಆದರೆ ಕಣ್ಣಿಗೆ ಬೇಕಾದ ಆಹಾರಕ್ಕೆ ಆ ನಾಡಿನಲ್ಲಿ ಕೊರತೆಯಿತ್ತೆಂದು ಯಾರೂ ಹೇಳಲಾರರು. ಚೌತಿ ಬಂದರೆ ಹಸಿಮಣ್ಣು ಕೈಯಲ್ಲಿ ಗಣಪತಿಯಾಗುತ್ತದೆ. ಸುಗ್ಗಿ ಮುಗಿದ ಗದ್ದೆಯಲ್ಲಿ ರಾತ್ರಿಯೆಲ್ಲ ದೀವಟಿಗೆಯ ಬೆಳಕಿನಲ್ಲಿ ಯಕ್ಷಗಾನದ ಬಣ್ಣದ ವೇಷ ಕುಣಿಯುತ್ತದೆ. ಭೂತದ ಕೋಲದಲ್ಲಿ ಹಳದಿಯ ಅರದಾಳ ಬಳಿದ ಮುಖ, ತೆಂಗಿನ ಸಿರಿಯ ಉಡುಗೆ. ಕೋಳಿ ಅಂಕದಲ್ಲಿ ಎರಡು ಹಕ್ಕಿಗಳು ಒಂದರ ಮೇಲೊಂದು ಎರಗಿದ ಕ್ಷಣದಲ್ಲಿ ರೆಕ್ಕೆ ಯಾವುದು, ಕಾಲು ಯಾವುದು, ಎಂಬುದು ಕಣ್ಣಿಗೆ ನಿಲುಕದೆ ಬರಿಯ ವೇಗವೊಂದೇ ಉಳಿಯುತ್ತದೆ. ಇವೆಲ್ಲ ಆ ಜನರಿಗೆ ಕಲೆಯಲ್ಲ, ದಿನದ ಬದುಕು. ವರ್ಷದ ತಿರುವಿನಲ್ಲಿ ತಾವಾಗಿ ಬಂದುಹೋಗುವ ಸಂಗತಿಗಳು.

ಇವುಗಳ ನಡುವೆ ನಾಗಮಂಡಲವನ್ನು ಬೇರೆಯಾಗಿಯೇ ಹೇಳಬೇಕು. ಚಪ್ಪರದ ಕೆಳಗಿನ ನೆಲದ ಮೇಲೆ ಬಿಳಿ, ಹಳದಿ, ಕೆಂಪು, ಹಸುರು, ಕಪ್ಪು ಎಂಬ ಐದು ಬಣ್ಣದ ಪುಡಿಗಳಿಂದ ವೈದ್ಯರು ಬರೆಯುವ ಆ ಮಂಡಲದಲ್ಲಿ ಸರ್ಪವಿದೆ. ಆದರೆ ಹುತ್ತದಲ್ಲಿ ನಾವು ಕಾಣುವ ಸರ್ಪವಲ್ಲ. ಸುತ್ತಿ ಸುಳಿದು, ಒಂದರೊಳಗೊಂದು ಹೊಕ್ಕು ಹೊರಬರುವ ರೇಖೆಗಳ ಹೆಣಿಗೆಯದು. ಹರಿದಾಡುವಿಕೆಯೇ ಅಲ್ಲಿ ಹಾವಾಗಿದೆ. ರಾತ್ರಿ ಬರೆದದ್ದು ಬೆಳಗಾಗುವುದರೊಳಗೆ ಕುಣಿತದ ಕಾಲುಗಳಿಗೆ ಸಿಕ್ಕಿ ಅಳಿದುಹೋಗುತ್ತದೆ. ಅದನ್ನು ನೋಡಿದ ಹಳ್ಳಿಯ ಮುದುಕಿ ಇದೇನು, ಹಾವಿನಂತೆಯೇ ಇಲ್ಲವಲ್ಲ ಎಂದು ಆಕ್ಷೇಪಿಸುವುದಿಲ್ಲ, ಕೈಮುಗಿಯುತ್ತಾಳೆ. ಅಮೂರ್ತ ಚಿತ್ರ ನಮಗೆ ಅರ್ಥವಾಗದೆಂದು ಹೇಳುವ ನಾವೇ ದಿನವೂ ಬೆಳಗಿನಲ್ಲಿ ಹೊಸ್ತಿಲ ಮುಂದೆ ಚುಕ್ಕಿಯಿಟ್ಟು ಎಳೆ ಎಳೆದ ರಂಗವಲ್ಲಿಯನ್ನು ದಾಟಿಕೊಂಡು ಹೊರಗೆ ಹೋಗುತ್ತೇವೆ.

ಶರಣರ ಕಾಲಕ್ಕೆ ತುಸು ಮುಂಚೆ, ಅದೇ ಕಲ್ಯಾಣದಲ್ಲಿ ಆಳಿದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದಲ್ಲಿ ಚಿತ್ರಗಳ ವಿಭಾಗವನ್ನು ಮಾಡಿದ್ದಾನೆ. ಕನ್ನಡಿಯೊಳಗಿನ ಪ್ರತಿಬಿಂಬದಂತೆ ಸಾದೃಶ್ಯವುಳ್ಳದ್ದು ವಿದ್ಧಚಿತ್ರ. ಮನಸ್ಸಿಗೆ ತೋರಿದಂತೆ ಆಕಾರಮಾತ್ರವನ್ನು ಹಿಡಿದು ಬರೆದದ್ದು ಅವಿದ್ಧಚಿತ್ರ. ನೋಡಿದ ಮಾತ್ರಕ್ಕೆ ಶೃಂಗಾರಾದಿ ರಸಗಳು ಹೊಳೆಯುವಂತಹುದು ಭಾವಚಿತ್ರ. ಪುಡಿಗಳಿಂದ ರಚಿಸಿದ್ದು ಧೂಳಿಚಿತ್ರ. ಇದನ್ನು ಆಧಾರವಾಗಿಟ್ಟುಕೊಂಡು ಇಪ್ಪತ್ತನೆಯ ಶತಮಾನದ ಕಲೆಯೆಲ್ಲ ಹನ್ನೆರಡನೆಯ ಶತಮಾನದಲ್ಲಿಯೇ ನಮ್ಮಲ್ಲಿತ್ತೆಂದು ಹೇಳಿಕೊಳ್ಳುವುದು ಅಲ್ಪತನವಾದೀತು. ಕನ್ನಡಿಯ ಪ್ರತಿಬಿಂಬವೊಂದೇ ಚಿತ್ರವಲ್ಲವೆಂಬ ವಿವೇಕ ನಮ್ಮ ಪೂರ್ವಿಕರಿಗಿತ್ತು ಎಂಬಷ್ಟನ್ನು ಮಾತ್ರ ಧೈರ್ಯವಾಗಿ ಹೇಳಬಹುದು. ಇಂದು ಮೊಬೈಲ್ ಫೋನ್ ಹಿಡಿದ ಪ್ರತಿಯೊಬ್ಬನೂ ಕ್ಷಣಾರ್ಧದಲ್ಲಿ ವಿದ್ಧಚಿತ್ರವನ್ನು ಮಾಡಿಬಿಡುತ್ತಾನೆ. ಉಳಿದ ಮೂರು ಬಗೆಗಳಿಗೆ ಈಗಲೂ ಮನುಷ್ಯನ ಮನಸ್ಸೂ ಕೈಯೂ ಬೇಕು.

ಹೆಬ್ಬಾರರ ಕಥೆಗೆ ಮರಳೋಣ. ಚಿತ್ರ ಬರೆಯುವ ಹಂಬಲ ಹೊತ್ತ ತರುಣನು ಮೊದಲು ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ ಕಲಿಯಲು ತೊಡಗಿ, ಬಳಿಕ ಮುಂಬಯಿಯ ದಾರಿ ಹಿಡಿದನು. ಆ ಕಾಲದಲ್ಲಿ ಕರಾವಳಿಯ ಹುಡುಗರು ಮುಂಬಯಿಗೆ ಹೋಗುತ್ತಿದ್ದುದು ಸಾಮಾನ್ಯವಾಗಿ ಹೊಟ್ಟೆಯ ಪಾಡಿಗಾಗಿ. ಕುಂಚವನ್ನು ನಂಬಿ ಹೋದವರು ವಿರಳ. ಅಲ್ಲಿ ಕನ್ನಡಿಗರೇ ಆದ ದಂಡಾವತಿಮಠರು ನಡೆಸುತ್ತಿದ್ದ ನೂತನ ಕಲಾಮಂದಿರವು ಅವರಿಗೆ ಆಸರೆಯಾಯಿತು. ಹೊರನಾಡಿನಲ್ಲಿ ಕನ್ನಡದ ಮಕ್ಕಳಿಗೆ ವಿದ್ಯೆಯ ಬಾಗಿಲು ತೆರೆದಿಟ್ಟ ಇಂತಹ ಮಹನೀಯರನ್ನು ನಾವು ಬೇಗನೆ ಮರೆಯುತ್ತೇವೆ ಎಂಬುದು ಖೇದದ ಸಂಗತಿ. ಹೆಬ್ಬಾರರು ೧೯೩೩ರಿಂದ ೧೯೩೮ರವರೆಗೆ ಸರ್ ಜೆ. ಜೆ. ಕಲಾಶಾಲೆಯಲ್ಲಿ ವ್ಯಾಸಂಗ ಮಾಡಿ ಡಿಪ್ಲೊಮಾ ಪಡೆದರು. ೧೯೪೦ರಿಂದ ೧೯೪೫ರವರೆಗೆ ಅಲ್ಲಿಯೇ ಅಧ್ಯಾಪಕರಾಗಿದ್ದರು.

ಕಲಾಶಾಲೆಯಲ್ಲಿ ಕಲಿತದ್ದು ಪಾಶ್ಚಾತ್ಯ ಕ್ರಮದ ಯಥಾರ್ಥ ಚಿತ್ರಣ: ಬೆಳಕು ನೆರಳುಗಳ ಲೆಕ್ಕ, ದೂರ ಹತ್ತಿರಗಳ ಲೆಕ್ಕ, ಮೈಕಟ್ಟಿನ ಲೆಕ್ಕ. ಅದರಲ್ಲಿ ಅವರು ಹಿಂದೆ ಬೀಳಲಿಲ್ಲ. ಆದರೂ ತಾನು ಬರೆಯುತ್ತಿರುವುದರಲ್ಲಿ ತನ್ನದೆಂಬುದು ಎಲ್ಲಿ ಎಂಬ ಅತೃಪ್ತಿ ಅವರನ್ನು ಕಾಡತೊಡಗಿತು. ಅಜಂತೆಯ ಭಿತ್ತಿಚಿತ್ರಗಳು, ಜೈನರ ಹಸ್ತಪ್ರತಿಗಳಲ್ಲಿನ ಚಿತ್ರಗಳು, ರಜಪೂತ ಮತ್ತು ಮೊಗಲರ ಕಿರುಚಿತ್ರಗಳು ಒಂದು ಕಡೆ; ಫ್ರಾನ್ಸ್ ದೇಶದ ಗೋಗ್ಯಾನ್ ಮತ್ತು ನಮ್ಮವರೇ ಆದ ಅಮೃತಾ ಶೇರ್‌ಗಿಲ್ ಅವರ ಕೃತಿಗಳು ಇನ್ನೊಂದು ಕಡೆ, ಅವರಿಗೆ ದಾರಿದೀಪಗಳಾದವು. ೧೯೪೧ರಲ್ಲಿ ಇಪ್ಪತ್ತೆಂಟರ ಹರೆಯದಲ್ಲಿಯೇ ತೀರಿಕೊಂಡ ಶೇರ್‌ಗಿಲ್ಲರು, ದಕ್ಷಿಣ ದೇಶದ ಕಪ್ಪು ಮೈಯ ಸಾಮಾನ್ಯ ಜನರೇ ಮಹಾಚಿತ್ರದ ವಸ್ತುವಾಗಬಲ್ಲರೆಂದು ತೋರಿಸಿಕೊಟ್ಟಿದ್ದರು. ಹೆಬ್ಬಾರರು ಮಲಬಾರಿನ ಕಡೆ ಸಂಚರಿಸಿ ಅಲ್ಲಿಯ ಬಿಸಿಲು, ಕೆಮ್ಮಣ್ಣು, ತೆಂಗಿನ ತೋಟ, ಬಿಳಿಯ ಉಡುಗೆಯ ಸ್ತ್ರೀಪುರುಷರನ್ನು ಅಗಲವಾದ ಸಪಾಟು ಬಣ್ಣಗಳಲ್ಲಿ ಬರೆದರು. ಸನ್ನಿ ಸೌತ್ ಎಂಬುದು ಆ ಬಗೆಯ ಚಿತ್ರಗಳಲ್ಲಿ ಹೆಸರಾದದ್ದು. ಈ ಚಿತ್ರಗಳಿಂದ ಅವರಿಗೆ ಕೀರ್ತಿ ಬಂದಿತು, ಕೊಳ್ಳುವವರೂ ಬಂದರು.

ಬಂದ ಕೀರ್ತಿಯನ್ನು ಹಿಡಿದುಕೊಂಡು ಅದೇ ಬಗೆಯನ್ನು ಜೀವಮಾನವಿಡೀ ಬರೆಯುತ್ತ ಸುಖವಾಗಿರಬಹುದಿತ್ತು. ಹಾಗೆ ಮಾಡಿದವರು ಬಹುಮಂದಿ. ಸಂಸಾರಸ್ಥನೂ ಹೆಸರಾಂತ ಕಲಾವಿದನೂ ಆಗಿದ್ದ ಹೆಬ್ಬಾರರು ೧೯೪೯ರಲ್ಲಿ, ತಮ್ಮ ಮೂವತ್ತೆಂಟನೆಯ ವಯಸ್ಸಿನಲ್ಲಿ, ಪ್ಯಾರಿಸ್ಸಿಗೆ ಹೋಗಿ ಅಲ್ಲಿಯ ಅಕಾಡೆಮಿ ಜೂಲಿಯನ್ ಎಂಬ ಕಲಾಶಾಲೆಯಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಕುಳಿತರು. ನಿನ್ನೆ ಬೋಧಿಸುತ್ತಿದ್ದವನು ಇಂದು ಕಲಿಯಲು ಕೂರುವುದಕ್ಕೆ ಎಷ್ಟು ಎದೆಗಾರಿಕೆ ಬೇಕೆಂಬುದು ನಮ್ಮ ಅಧ್ಯಾಪಕ ಬಂಧುಗಳಿಗೆ ವಿವರಿಸಿ ಹೇಳಬೇಕಾಗಿಲ್ಲ.

ಆಗ ಪ್ಯಾರಿಸ್ಸಿನಲ್ಲಿ ಅಮೂರ್ತ ಕಲೆಯ ಅಲೆ ಬಲವಾಗಿ ಬೀಸುತ್ತಿತ್ತು. ಆ ಕಲೆಯ ಮೂಲಪುರುಷರಲ್ಲಿ ಒಬ್ಬನಾದ ಹಾಲೆಂಡಿನ ಮೊಂಡ್ರಿಯಾನನ ಹೆಸರನ್ನು ಇಲ್ಲಿ ಸ್ಮರಿಸಬೇಕು. ೧೯೪೪ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡ ಈತನು ಅಡ್ಡಗೆರೆ, ಉದ್ದಗೆರೆ, ಮೂರು ಮೂಲ ಬಣ್ಣಗಳಲ್ಲದೆ ಬೇರೇನೂ ಇಲ್ಲದ ಚಿತ್ರಗಳಿಗಾಗಿ ಪ್ರಸಿದ್ಧ. ಅವನ್ನು ನೋಡಿ, ಇದನ್ನು ಯಾವ ಮಗುವಾದರೂ ಅಳತೆಗೋಲು ಹಿಡಿದು ಬರೆದೀತು ಎನ್ನುವವರು, ಅವನು ಅಲ್ಲಿಗೆ ಹೇಗೆ ತಲುಪಿದನೆಂಬುದನ್ನು ನೋಡುವುದಿಲ್ಲ. ಮೊದಲು ಬರೆದದ್ದು ತನ್ನ ನಾಡಿನ ಮರ, ಗಾಳಿಯಂತ್ರ, ಸಮುದ್ರತೀರ. ಒಂದೇ ಮರದ ವಸ್ತುವನ್ನು ಮತ್ತೆ ಮತ್ತೆ ಬರೆಯುತ್ತ, ಪ್ರತಿಸಲವೂ ಎಲೆಯನ್ನು ಬಿಟ್ಟು, ತೊಗಟೆಯನ್ನು ಬಿಟ್ಟು, ಕೊಂಬೆಗಳ ಬಾಗು ಒಂದನ್ನೇ ಉಳಿಸಿಕೊಂಡು, ಕೊನೆಗೆ ಮರವೇ ಕಾಣದ ರೇಖಾಜಾಲಕ್ಕೆ ಬಂದನು. ಹಾಲು ಕಾಸಿ, ಹೆಪ್ಪಿಟ್ಟು, ಕಡೆದು, ಬೆಣ್ಣೆಯನ್ನು ಕಾಯಿಸಿ ತುಪ್ಪ ಮಾಡಿದಂತೆ. ತುಪ್ಪದಲ್ಲಿ ಹಾಲಿನ ರೂಪವಿಲ್ಲವೆಂದು ಅದು ಹಾಲಿನಿಂದ ಬಂದದ್ದಲ್ಲವೆಂದು ಹೇಳಬಹುದೆ?

ಪ್ಯಾರಿಸ್ಸಿನ ಗಾಳಿಗೆ ಸಿಕ್ಕಿದ ಭಾರತೀಯ ತರುಣರಲ್ಲಿ ಹಲವರು ಆ ತುಪ್ಪವನ್ನು ಮಾತ್ರ ಕಂಡರು; ಹಸುವನ್ನೂ ಹುಲ್ಲನ್ನೂ ಕಾಣಲಿಲ್ಲ. ಹೆಬ್ಬಾರರಿಗೆ ಹಾಗಾಗಲಿಲ್ಲ. ವಸ್ತುವನ್ನು ಒಡೆದು ಕಟ್ಟುವ ವಿಧಾನವನ್ನು ಅಲ್ಲಿ ಕಲಿತರು, ಕಟ್ಟುವ ಸಾಮಗ್ರಿಗಾಗಿ ಊರಿಗೆ ಮರಳಿದರು. ಮುಂಬಯಿಯಲ್ಲಿ ೧೯೪೭ರಲ್ಲಿ ಹುಟ್ಟಿದ ಪ್ರಗತಿಶೀಲ ಕಲಾವಿದರ ಬಳಗದಲ್ಲಿ ಸೂಜಾ, ರಜಾ, ಹುಸೇನ್ ಮೊದಲಾದವರಿದ್ದರು. ಹೆಬ್ಬಾರರು ಆ ಬಳಗಕ್ಕೆ ಸೇರದೆ, ಅವರೊಡನೆ ಜಗಳವನ್ನೂ ಮಾಡದೆ, ತಮ್ಮ ಪಾಡಿಗೆ ತಾವು ಕೆಲಸ ಮಾಡಿದರು. ಈ ನಿಶ್ಶಬ್ದ ಸ್ವಭಾವದಿಂದಾಗಿ ಪತ್ರಿಕೆಗಳ ಗದ್ದಲದಲ್ಲಿ ಅವರ ಹೆಸರು ಕಡಮೆ ಕೇಳಿಬಂದಿರಬಹುದು.

ಅವರ ಜೀವನದಲ್ಲಿ ನನ್ನನ್ನು ಬಹುವಾಗಿ ಆಕರ್ಷಿಸಿದ ಪ್ರಸಂಗ ಮತ್ತೊಂದು. ಚಿತ್ರಕಾರರಾಗಿದ್ದ ಹೆಬ್ಬಾರರು ಸುಂದರ ಪ್ರಸಾದರೆಂಬ ಕಥಕ್ ಪಂಡಿತರಲ್ಲಿ ಸುಮಾರು ಎರಡು ವರ್ಷ ಕಾಲಿಗೆ ಗೆಜ್ಜೆ ಕಟ್ಟಿ ನೃತ್ಯಾಭ್ಯಾಸ ಮಾಡಿದರು. ರಂಗದ ಮೇಲೆ ಕುಣಿಯಬೇಕೆಂಬ ಆಸೆಯಿಂದಲ್ಲ. ಲಯವೆಂಬುದು ಮೈಯೊಳಗೆ ಹೇಗೆ ಸಂಚರಿಸುತ್ತದೆ ಎಂಬುದನ್ನು ತಿಳಿಯುವುದಕ್ಕಾಗಿ. ವಿಷ್ಣುಧರ್ಮೋತ್ತರ ಪುರಾಣದ ಮೂರನೆಯ ಖಂಡದಲ್ಲಿ ವಜ್ರನೆಂಬ ರಾಜನು ಮೂರ್ತಿಶಿಲ್ಪವನ್ನು ಕಲಿಸೆಂದು ಮಾರ್ಕಂಡೇಯ ಮುನಿಯನ್ನು ಬೇಡುತ್ತಾನೆ. ಅದಕ್ಕೆ ಚಿತ್ರವನ್ನು ಅರಿಯಬೇಕು, ಚಿತ್ರಕ್ಕೆ ನೃತ್ಯವನ್ನು, ನೃತ್ಯಕ್ಕೆ ವಾದ್ಯವನ್ನು, ವಾದ್ಯಕ್ಕೆ ಗೀತವನ್ನು ಅರಿಯಬೇಕೆಂದು ಮುನಿಯು ಹಿಂದೆ ಹಿಂದೆ ಕರೆದೊಯ್ಯುತ್ತಾನೆ. ನಾವು ಪಾಠಶಾಲೆಗಳಲ್ಲಿ ಈ ಭಾಗವನ್ನು ವ್ಯಾಖ್ಯಾನದೊಡನೆ ಓದಿ ಮುಂದೆ ಹೋದೆವು. ಹೆಬ್ಬಾರರು ಅದನ್ನು ಓದಿಯೇ ಹಾಗೆ ಮಾಡಿದರೆಂದು ನಾನು ಹೇಳುತ್ತಿಲ್ಲ. ಶಾಸ್ತ್ರವು ವಿಧಿಸಿದ್ದನ್ನು ಅವರು ಆಚರಿಸಿದರು ಎಂಬುದಂತೂ ದಿಟ.

ಆ ಅಭ್ಯಾಸದ ಫಲ ಅವರ ರೇಖಾಚಿತ್ರಗಳಲ್ಲಿ ಕಾಣುತ್ತದೆ. ೧೯೬೦ರ ದಶಕದಲ್ಲಿ ಈ ರೇಖಾಚಿತ್ರಗಳ ಸಂಕಲನವೊಂದು ಹಾಡುವ ರೇಖೆ ಎಂಬ ಅರ್ಥದ ಇಂಗ್ಲಿಷ್ ಹೆಸರಿನಿಂದ ಪ್ರಕಟವಾಯಿತು. ನೇಗಿಲು ಹೊಡೆಯುವವನು, ಹೊರೆ ಹೊತ್ತ ಹೆಂಗಸು, ಡೋಲು ಬಡಿಯುವವನು, ಹಾಡುತ್ತ ಬೇಡುವ ಭಿಕ್ಷುಕ, ಮಲಗಿದ ದನ, ಜಗಳಕ್ಕೆ ನಿಂತ ಹುಂಜ, ಕುಣಿಯುವ ನರ್ತಕಿ: ವಸ್ತುವೆಲ್ಲ ಬೀದಿಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ಯಾರಿಗೂ ಸಿಕ್ಕುವಂತಹುದು. ರೇಖೆ ಮಾತ್ರ ಯಾರಿಗೂ ಸಿಕ್ಕುವಂತಹುದಲ್ಲ. ಕಾಗದದ ಮೇಲೆ ಇಳಿದ ಲೇಖನಿ ಎಲ್ಲಿಯೂ ತಡೆಯದೆ ಭುಜದಿಂದ ಬೆನ್ನಿಗೆ, ಬೆನ್ನಿನಿಂದ ಕಾಲಿಗೆ ಹರಿದು ಹೊರಟುಹೋಗುತ್ತದೆ. ಮುಖವಿರುವುದಿಲ್ಲ, ಬೆರಳುಗಳಿರುವುದಿಲ್ಲ, ಸೀರೆಯ ನೆರಿಗೆಗಳನ್ನು ಎಣಿಸಿರುವುದಿಲ್ಲ. ಆದರೂ ಹೊತ್ತ ಹೊರೆಯ ಭಾರ ನೋಡುವವನ ಕೊರಳಿಗೆ ತಗಲುತ್ತದೆ. ಹೊರೆ ಹೊತ್ತವಳನ್ನು ಬಿಟ್ಟು ಭಾರವನ್ನು, ಕುಣಿಯುವವಳನ್ನು ಬಿಟ್ಟು ಕುಣಿತವನ್ನು ಬರೆಯುವುದೇ ಅಮೂರ್ತಕ್ಕೆ ಹಾಕಿದ ಮೊದಲ ಹೆಜ್ಜೆ. ಸಾವಿರ ಜನ ಹೊರೆ ಹೊತ್ತದ್ದನ್ನು ನೋಡಿ ನೋಡಿ ಬರೆದವನಿಗೆ ಮಾತ್ರ ಆ ಬಿಡುವಿಕೆ ದಕ್ಕುತ್ತದೆ. ನೋಡದೆ ಬಿಟ್ಟವನದು ಸೋಮಾರಿತನ. ಅಮೂರ್ತ ಕಲೆಯ ಹೆಸರಿನಲ್ಲಿ ಅಂತಹ ಸೋಮಾರಿತನವೂ ಸಾಕಷ್ಟು ಮಾರಾಟವಾಗಿದೆ ಎಂಬುದನ್ನು ಒಪ್ಪಲೇಬೇಕು.

ನಂತರದ ದಶಕಗಳಲ್ಲಿ ಅವರ ತೈಲವರ್ಣದ ಚಿತ್ರಗಳೂ ಈ ದಿಕ್ಕಿಗೆ ತಿರುಗಿದವು. ಮನುಷ್ಯಾಕೃತಿಗಳು ಕರಗಿ ಹಿಂದೆ ಸರಿದವು. ದಪ್ಪನಾಗಿ ಲೇಪಿಸಿದ ಬಣ್ಣ ಉತ್ತ ನೆಲದಂತೆ, ಹಳೆಯ ಗೋಡೆಯಂತೆ ಒರಟಾಗಿ ಎದ್ದು ನಿಂತಿತು. ಸೂರ್ಯ ಚಂದ್ರರ ಬಿಂಬ, ಸಮುದ್ರ, ಬೆಳಕು ಇವೇ ವಸ್ತುವಾದವು. ಹಾಗೆಂದು ಅವರು ಆಕಾರವನ್ನು ಪೂರ್ಣವಾಗಿ ತೊರೆದ ಸಂನ್ಯಾಸಿಗಳಾಗಲಿಲ್ಲ. ಮೂರ್ತದಿಂದ ಅಮೂರ್ತಕ್ಕೆ ಹೋಗುವುದು, ಬೇಕೆನಿಸಿದಾಗ ಹಿಂದಿರುಗಿ ಸಂತೆಯ ಜನರ ನಡುವೆ ಕೂರುವುದು ಕಡೆಯವರೆಗೂ ನಡೆಯಿತು. ಈ ಕಾರಣಕ್ಕೆ ಅಮೂರ್ತವಾದಿಗಳು ಅವರನ್ನು ಪೂರ್ತಿಯಾಗಿ ತಮ್ಮವರೆನ್ನಲಿಲ್ಲ, ಸಂಪ್ರದಾಯವಾದಿಗಳೂ ಎನ್ನಲಿಲ್ಲ. ನನ್ನ ಅಲ್ಪಮತಿಗೆ ತೋರುವಂತೆ ಅವರ ದೊಡ್ಡ ತೈಲಚಿತ್ರಗಳೆಲ್ಲವೂ ಸಮಾನ ಸತ್ತ್ವದವಲ್ಲ. ಗಗನದ ಗೋಲಗಳನ್ನು ಕುರಿತ ಕೆಲವು ಚಿತ್ರಗಳಲ್ಲಿ ಆಲೋಚನೆ ಬಣ್ಣವನ್ನು ಮೀರಿ ನಿಂತಿದೆ. ಅಂಗೈಯಗಲದ ಕಾಗದದ ಮೇಲಿನ ಹತ್ತು ಗೆರೆಗಳಲ್ಲಿ ಅವರು ಸಾಧಿಸಿದ್ದನ್ನು ಅಲ್ಲಿ ಸಾಧಿಸಲಾಗಲಿಲ್ಲ. ಚಿತ್ರದಲ್ಲಿ ಆಚಾರ್ಯರು ಮೆಚ್ಚುವುದು ರೇಖೆಯನ್ನು, ಉಳಿದವರು ಬಣ್ಣದ ಸಮೃದ್ಧಿಯನ್ನು ಎಂದು ಹೇಳಿದ ಅದೇ ಪುರಾಣಕಾರನು ಈ ವಿಷಯದಲ್ಲಿ ನನ್ನ ಪಕ್ಷಕ್ಕೆ ಇದ್ದಾನೆ.

ಇನ್ನು ನಮ್ಮ ಊರಿನ ಮಾತು. ಕಾಫಿಯ ಕೊಯ್ಲಿನ ಕಾಲದಲ್ಲಿ ಬಾಳೂರಿನ ಯಾವ ತೋಟದ ಕಣದ ಅಂಚಿನಲ್ಲಿ ನಿಂತರೂ ಕಾಣುವ ದೃಶ್ಯವಿದು: ಮೊದಲ ದಿನ ಕೆಂಪಗೆ ಹರವಿದ ಹಣ್ಣು ದಿನಕ್ಕೊಂದು ಛಾಯೆಯಂತೆ ಕಂದಾಗಿ, ಎರಡು ವಾರದೊಳಗೆ ಕಪ್ಪಾಗುತ್ತದೆ, ಆಳುಗಳು ಅದನ್ನು ಎಳೆದು ಕೈಯಾಡಿಸಿದಾಗ ಕಣದ ತುಂಬ ಏಣು ತಗ್ಗುಗಳ ಸಾಲು ಮೂಡುತ್ತದೆ, ಪಕ್ಕದ ಕಣದಲ್ಲಿ ಪಾರ್ಚ್‌ಮೆಂಟಿನ ಮಾಸಲು ಹಳದಿ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಗುಡ್ಡದ ಮೈಯೆಲ್ಲ ಬೆಳ್ಳಗಾಗಿ, ಮೂರು ನಾಲ್ಕು ದಿನದಲ್ಲಿ ಆ ಬಿಳುಪು ಮಾಸುತ್ತದೆ. ಮಳೆಗಾಲದ ಮಂಜಿನಲ್ಲಿ ಸಿಲ್ವರ್ ಓಕ್ ಮರಗಳು ಬರಿಯ ಉದ್ದಗೆರೆಗಳಾಗಿ ನಿಲ್ಲುತ್ತವೆ. ಇದನ್ನು ಕಟ್ಟಿಂಗೇರಿಯ ಹುಡುಗನ ಕಣ್ಣಿಗೆ ಕೊಟ್ಟಿದ್ದರೆ ಏನು ಮಾಡುತ್ತಿದ್ದನೋ! ನಮ್ಮ ಮಕ್ಕಳಾದರೋ ಚಿತ್ರಕಲೆಯ ಅವಧಿಯಲ್ಲಿ ಎರಡು ತ್ರಿಕೋನದ ಬೆಟ್ಟ, ನಡುವೆ ಅರ್ಧ ಸೂರ್ಯ, ಕೆಳಗೊಂದು ಹೊಳೆ, ಪಕ್ಕದಲ್ಲಿ ತೆಂಗಿನ ಮರ ಬರೆಯುತ್ತಾರೆ. ಅವರು ಹುಟ್ಟಿ ಬೆಳೆದದ್ದು ಬೆಟ್ಟದ ಮೇಲೆಯೇ; ಅವರ ಬೆಟ್ಟ ತ್ರಿಕೋನವಾಗಿಲ್ಲ, ಶೋಲೆಯ ಕಪ್ಪು ಹಸುರೂ ಹುಲ್ಲಿನ ತಿಳಿಹಸುರೂ ಸೇರಿದ ದುಂಡನೆಯ ಬೆನ್ನುಗಳಾಗಿವೆ. ನೋಡಿ ಬರೆಯಿರೆಂದು ಯಾರೂ ಹೇಳದಿದ್ದರೆ ಮಕ್ಕಳು ಇನ್ನೊಬ್ಬರ ಪುಸ್ತಕದಿಂದಲೇ ಬೆಟ್ಟವನ್ನು ತರುತ್ತಾರೆ. ಲೋಯರ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗಳಿಗೆ ಹೂದಾನಿಯನ್ನು ತಿದ್ದಿ ತಿದ್ದಿ ಬರೆಸುವುದು ತಪ್ಪಲ್ಲ, ಕೈ ಪಳಗಬೇಕು. ಆದರೆ ವಾರಕ್ಕೊಂದು ಅವಧಿಯಾದರೂ ಹುಡುಗರನ್ನು ಕಣದ ಅಂಚಿಗೆ ಕರೆದೊಯ್ದು ಕೂರಿಸಬಾರದೆ? ಎಸ್.ಎಸ್.ಎಲ್.ಸಿ. ಪರೀಕ್ಷೆ ಸಮೀಪಿಸಿದಂತೆ ಚಿತ್ರಕಲೆಯ ಅವಧಿಯನ್ನು ಗಣಿತಕ್ಕೆ ಎರವಲು ಕೊಡುವ ಪದ್ಧತಿ ನಾಡಿನ ಹಲವು ಶಾಲೆಗಳಲ್ಲಿ ಇದೆ. ಎರವಲು ಹೋದ ಅವಧಿ ಹಿಂದಿರುಗಿದ್ದನ್ನು ನಾನು ಕಂಡಿಲ್ಲ. ದಾನಿಗಳು ಕಟ್ಟಡಕ್ಕೆ, ಪ್ರಯೋಗಶಾಲೆಗೆ ಧಾರಾಳವಾಗಿ ಕೊಟ್ಟಿದ್ದಾರೆ. ಅವರ ಉಪಕಾರವನ್ನು ನಾವು ಮರೆಯುವಂತಿಲ್ಲ. ಒಂದು ವರ್ಷದ ಬಣ್ಣ ಕಾಗದಗಳಿಗೆ ತಗಲುವ ವೆಚ್ಚ ಅವುಗಳ ಮುಂದೆ ತೃಣಮಾತ್ರ ಎಂದು ಈ ಸಂದರ್ಭದಲ್ಲಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುತ್ತೇನೆ.

ಹೆಬ್ಬಾರರಿಗೆ ಸಂದ ಮನ್ನಣೆಗಳು ಹಲವು. ಭಾರತ ಸರ್ಕಾರವು ೧೯೬೧ರಲ್ಲಿ ಪದ್ಮಶ್ರೀ, ೧೯೮೯ರಲ್ಲಿ ಪದ್ಮಭೂಷಣ ಪ್ರಶಸ್ತಿಗಳನ್ನಿತ್ತಿತು. ಮೈಸೂರು ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟ್ ನೀಡಿತು. ವೆನಿಸ್ ಮೊದಲಾದ ಅಂತರರಾಷ್ಟ್ರೀಯ ಪ್ರದರ್ಶನಗಳಲ್ಲಿ ಅವರ ಕೃತಿಗಳಿಗೆ ಸ್ಥಾನ ದೊರೆಯಿತು. ಬದುಕಿನ ಬಹುಭಾಗವನ್ನು ಮುಂಬಯಿಯಲ್ಲಿ ಕಳೆದರೂ ತುಳುನಾಡಿನ ನಂಟನ್ನು ಅವರು ಕಡಿದುಕೊಳ್ಳಲಿಲ್ಲ. ೧೯೯೬ರ ಮಾರ್ಚ್ ೨೬ರಂದು ಮುಂಬಯಿಯಲ್ಲಿ ಕಾಲವಶರಾದರು. ಆಗ ಅವರಿಗೆ ಎಂಬತ್ತನಾಲ್ಕು ವರ್ಷ.

ಅವರ ಚಿತ್ರಗಳ ಒಂದು ಸಂಗ್ರಹವು ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಗೆ ಸೇರಿದೆ. ಮಕ್ಕಳ ಶೈಕ್ಷಣಿಕ ಪ್ರವಾಸ ಬೆಂಗಳೂರಿಗೆ ಹೊರಟಾಗ ವಿಧಾನಸೌಧ, ಲಾಲ್‌ಬಾಗ್, ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ ಇವಿಷ್ಟನ್ನು ತೋರಿಸಿ ಬಸ್ಸು ಹತ್ತಿಸುವುದು ರೂಢಿ. ಚಿತ್ರಶಾಲೆಯಿರುವುದು ಆ ವಸ್ತುಸಂಗ್ರಹಾಲಯದ ಮಗ್ಗುಲಿನಲ್ಲಿಯೇ. ಅಲ್ಲಿಗೆ ನಡೆದುಹೋಗಲು ಐದು ನಿಮಿಷ ಸಾಕು.